ಪೋಷಕರೇ ನಡೆಸುವ ಮನೆಶಾಲಾ ಕೂಟಕ್ಕೆ ಸೇರುವ ಮುನ್ನ ಏನನ್ನು ಕೇಳಬೇಕು?

ಎರಡನೆಯ ವರ್ಷದ ತಾಯಿ:
ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಮನೆಯಲ್ಲಿಯೇ ಕಲಿಸಲು ಆರಂಭಿಸಿ ನಮಗೆ ಇದು ಎರಡನೆಯ ವರ್ಷ. ಮಗಳಿಗೆ 9 ವರ್ಷ, ಮಗನಿಗೆ 6. ಓದು, ಬರಹ, ಲೆಕ್ಕ ಎಲ್ಲವೂ ಒಂದು ಹದಕ್ಕೆ ಬಂದಿವೆ, ಕೊರತೆಯಿರುವುದು ಜೊತೆಗಾರರದು. ಕಳೆದ ತಿಂಗಳು ಮಗಳು, "ಅಮ್ಮ, ಜಗಳವಾಡಲು ನನಗೆ ತಮ್ಮನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ" ಎಂದಳು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ನಮ್ಮಂತೆಯೇ ಮನೆಯಲ್ಲಿ ಕಲಿಸುವ 11 ಕುಟುಂಬಗಳು ಸೇರಿ ನಡೆಸುತ್ತಿರುವ ಒಂದು ಕೂಟಕ್ಕೆ ನಮ್ಮನ್ನು ಕರೆದಿದ್ದಾರೆ. ವಾರಕ್ಕೆ ಎರಡು ದಿನ ಸೇರುತ್ತಾರೆ. 5ರಿಂದ 13 ವರ್ಷದೊಳಗಿನ 19 ಮಕ್ಕಳಿದ್ದಾರೆ. ಸಂಬಳದ ಶಿಕ್ಷಕರು ಯಾರೂ ಇಲ್ಲ. ಪ್ರತಿ ಮನೆಯಿಂದ ಒಬ್ಬರು ಆ ಎರಡೂ ದಿನ ಅಲ್ಲಿಯೇ ಇರಬೇಕು, 12 ವಾರಗಳ ಪ್ರತಿ ಅವಧಿಯಲ್ಲಿ ಒಂದು ವಿಷಯವನ್ನು ತಾವೇ ಕಲಿಸಬೇಕು, ಇನ್ನೊಬ್ಬರ ಪಾಠಕ್ಕೆ ಸಹಾಯಕರಾಗಿ ನಿಲ್ಲಬೇಕು. ಎರಡು ಪುಟಗಳ ಒಪ್ಪಂದ ಪತ್ರವನ್ನೂ ಕಳುಹಿಸಿದ್ದಾರೆ. ಅದರಲ್ಲಿ ಸೇರುವ ಬಗೆ, ವೇಳಾಪಟ್ಟಿ, ಸಾಮಗ್ರಿಗಳ ವಂತಿಗೆ ಎಲ್ಲವೂ ಇವೆ. ಬಿಟ್ಟುಹೋಗುವ ಬಗೆ ಇಲ್ಲ, ಮನಸ್ತಾಪ ಬಂದರೆ ಯಾರ ಮಾತು ಕೊನೆಯದು ಎಂಬುದೂ ಇಲ್ಲ. ಕನಿಷ್ಠ ಒಂದು ವರ್ಷ ಇರಬೇಕೆಂಬ ಸಾಲು ಮಾತ್ರ ಇದೆ.

ನಾನು ಎಂದೂ ಮಕ್ಕಳ ಗುಂಪಿನ ಮುಂದೆ ನಿಂತವಳಲ್ಲ. ಮಗನೋ ಹೊಸಬರನ್ನು ಕಂಡರೆ ನನ್ನ ಬೆನ್ನ ಹಿಂದೆ ಸೇರುವ ಸ್ವಭಾವದವನು. ಇಂಥ ಕೂಟಗಳಲ್ಲಿ ಇರುವವರು, ಇದ್ದು ಬಿಟ್ಟವರು, ಸೇರುವ ಮುನ್ನ ಏನನ್ನು ಕೇಳಬೇಕು, ಏನನ್ನು ನೋಡಬೇಕು ಎಂದು ದಯವಿಟ್ಟು ತಿಳಿಸಿ.

ಹಳೆಯ ಸದಸ್ಯೆ:
ಮೇಲುನೋಟಕ್ಕೆ ಇದು ಮಕ್ಕಳ ತರಗತಿ ಅನ್ನಿಸಿದರೂ, ನೀವು ನಿಜವಾಗಿ ಸೇರಲಿರುವುದು 11 ಮನೆಗಳ ದೊಡ್ಡವರ ನಡುವಿನ ದುಡಿಮೆಯ ಹಂಚಿಕೆಗೆ. ಮಕ್ಕಳು ಮಕ್ಕಳೊಡನೆ ಹೇಗೋ ಹೊಂದಿಕೊಳ್ಳುತ್ತಾರೆ. ಒಂಬತ್ತು ವರ್ಷಗಳಲ್ಲಿ ನಾನು ಎರಡು ಕೂಟಗಳನ್ನು ಕಂಡಿದ್ದೇನೆ. ಮೊದಲನೆಯದು ಮುಚ್ಚಿಹೋದದ್ದು ಮಕ್ಕಳಿಂದಲ್ಲ, ಪಠ್ಯದಿಂದಲೂ ಅಲ್ಲ. ಬೀಗ ತೆಗೆಯುವುದು, ವೇಳಾಪಟ್ಟಿ ಬರೆಯುವುದು, ಬಾರದವರ ಪಾಠವನ್ನು ತುಂಬುವುದು, ಕೊನೆಗೆ ಕಸ ಗುಡಿಸುವುದು, ಇಷ್ಟನ್ನೂ ಇಬ್ಬರೇ ತಾಯಂದಿರು ಮೂರು ವರ್ಷ ಹೊತ್ತರು. ಇಬ್ಬರೂ ಒಂದೇ ತಿಂಗಳಲ್ಲಿ ದಣಿದು ಕೈಬಿಟ್ಟರು. ಮುಂದಿನ ಅವಧಿಗೆ ಕೂಟವೇ ಇರಲಿಲ್ಲ.

ಆದ್ದರಿಂದ ಹೊಸಬರಿಗೆಂದೇ ಸಜ್ಜುಮಾಡಿದ ದಿನ ಹೋಗಬೇಡಿ, ಮಾಮೂಲಾದ ಒಂದು ದಿನ ಹೋಗಿ. ಹೋದಾಗ ಕೊನೆಯ ಅರ್ಧ ಗಂಟೆಯವರೆಗೂ ಇರಿ. ಕುರ್ಚಿ ಜೋಡಿಸುವವರು ಯಾರು, ಬಣ್ಣದ ತಟ್ಟೆ ತೊಳೆಯುವವರು ಯಾರು, ಬಾಗಿಲ ಬಳಿ ಮಾತನಾಡುತ್ತ ನಿಲ್ಲುವವರು ಯಾರು ಎಂದು ನೋಡಿ. ಪಾಠಗಳಿಗಿಂತ ಆ ಅರ್ಧ ಗಂಟೆ ನಿಮಗೆ ಹೆಚ್ಚು ತಿಳಿಸುತ್ತದೆ.

ಗಣಿತ ಕಲಿಸುವ ಅಪ್ಪ:
ವರ್ಷದ ಮಾತು ಕೊಡುವ ಮುನ್ನ ಆರು ವಾರಗಳ ಪ್ರಯೋಗಾವಧಿಯನ್ನು ಕೇಳಿ. ಅದಕ್ಕೆ ಒಪ್ಪದ ಕೂಟಕ್ಕೆ ನಾನಾಗಿದ್ದರೆ ಸೇರುತ್ತಿರಲಿಲ್ಲ.

ಹೊರಬಂದವರು:
ಅವಧಿಯ ನಡುವೆಯೇ ಕೂಟವನ್ನು ಬಿಟ್ಟವರು ನಾವು; ಆದ್ದರಿಂದ ನಿಮ್ಮ ಒಪ್ಪಂದ ಪತ್ರದಲ್ಲಿ ಇಲ್ಲದ ಸಾಲುಗಳ ಬಗ್ಗೆಯೇ ಬರೆಯುತ್ತೇನೆ. ಪಾಠದ ನಡುವೆ ಎದ್ದು ಓಡಾಡಿದನೆಂದು ನನ್ನ ಮಗನನ್ನು ಇನ್ನೊಬ್ಬ ಪೋಷಕರು ಎಲ್ಲರ ಮುಂದೆ ಗದರಿಸಿ, ಪಾಠ ಮುಗಿಯುವವರೆಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಅವರ ಮನೆಯಲ್ಲಿ ಅದು ಸಾಮಾನ್ಯವಾದ ಶಿಸ್ತು. ನಮ್ಮ ಮನೆಯಲ್ಲಿ ಅದು ಅವಮಾನ. ಯಾರು ಸರಿ ಎಂದು ಕೂತು ತೀರ್ಮಾನಿಸಲು ಕೂಟದಲ್ಲಿ ಯಾವ ದಾರಿಯೂ ಇರಲಿಲ್ಲ. ನಾನು ಒಬ್ಬರ ಬಳಿ ಹೇಳಿಕೊಂಡೆ, ಅವರು ಇಬ್ಬರ ಬಳಿ ಹೇಳಿದರು, ವಾರ ಕಳೆಯುವುದರೊಳಗೆ ಕೂಟ ಎರಡು ಪಾಳೆಯವಾಗಿತ್ತು. ನಾವು ಹೊರಬಂದೆವು. ನನ್ನ ಮಗ ಎರಡು ವರ್ಷಗಳ ಗೆಳೆಯರನ್ನು ಒಂದೇ ದಿನದಲ್ಲಿ ಕಳೆದುಕೊಂಡ, ಮತ್ತು ಏಕೆ ಎಂದು ಅವನು ಕೇಳಿದಾಗ ನನ್ನ ಬಳಿ ಹೇಳಲು ಏನೂ ಇರಲಿಲ್ಲ.

ಇನ್ನೊಬ್ಬರ ಮಕ್ಕಳನ್ನು ತಿದ್ದುವ ಹಕ್ಕು ಯಾರಿಗೆ, ಎಷ್ಟರ ಮಟ್ಟಿಗೆ ಎಂಬುದನ್ನು ಬರಹದಲ್ಲಿ ಕೇಳಿ. "ನಮ್ಮಲ್ಲಿ ಅಂಥದ್ದೇನೂ ಆಗುವುದಿಲ್ಲ" ಎಂದರೆ ಅದನ್ನು ಉತ್ತರವೆಂದು ಒಪ್ಪಬೇಡಿ.

ಪ್ರಶ್ನೆ ಕೇಳುವವರು:
ಹೇಗೆ ಸೇರಬೇಕೆಂದು ಎಲ್ಲರೂ ಹೇಳುತ್ತಿದ್ದೀರಿ. ಏಕೆ ಸೇರಬೇಕೆಂದು ಯಾರೂ ಕೇಳುತ್ತಿಲ್ಲ. ವೇಳಾಪಟ್ಟಿ, ವಂತಿಗೆ, ಒಪ್ಪಂದ, ವರ್ಷದ ಬದ್ಧತೆ, ಈಗ ಶಿಸ್ತಿನ ನಿಯಮ ಬೇರೆ. ಇಷ್ಟೆಲ್ಲ ಇದ್ದ ಮೇಲೆ ಅದು ಶಾಲೆಯಲ್ಲದೆ ಇನ್ನೇನು? ಮನೆಶಾಲೆಯ ಪರವಾಗಿ ಬರೆದ ಅಮೆರಿಕದ ಲೇಖಕ ಜಾನ್ ಹೋಲ್ಟ್ ಅಂಥವರು ಶಾಲೆಯಿಂದ ಹೊರಗೆ ಬನ್ನಿ ಎಂದದ್ದು ಇನ್ನೊಂದು ಶಾಲೆಯನ್ನು ಕಟ್ಟುವುದಕ್ಕಲ್ಲ. ಮಕ್ಕಳಿಗೆ ಜೊತೆ ಬೇಕಿದ್ದರೆ ಆಟದ ಮೈದಾನವಿದೆ, ಗ್ರಂಥಾಲಯವಿದೆ, ಸಂಗೀತದ ತರಗತಿಯಿದೆ. ಅಲ್ಲಿ ಯಾರೂ ವರ್ಷದ ಬದ್ಧತೆಯನ್ನು ಕೇಳುವುದಿಲ್ಲ.

ಹಳೆಯ ಸದಸ್ಯೆ:
ಹೋಲ್ಟ್ ಅವರ ಹೆಸರು ಬಂದದ್ದರಿಂದ ಒಂದು ತಿದ್ದುಪಡಿ. ಅವರು 1977ರಲ್ಲಿ ಆರಂಭಿಸಿದ ಪತ್ರಿಕೆಯಲ್ಲಿ ಓದುಗರ ಪತ್ರಗಳ ಜೊತೆಗೆ ಮನೆಯಲ್ಲಿ ಕಲಿಸುವ ಕುಟುಂಬಗಳ ವಿಳಾಸಪಟ್ಟಿಯೂ ಅಚ್ಚಾಗುತ್ತಿತ್ತು. ಚದುರಿಹೋಗಿದ್ದ ಮನೆಗಳು ಒಬ್ಬರನ್ನೊಬ್ಬರು ಕಂಡುಕೊಳ್ಳಲು ಅದೇ ದಾರಿಯಾಗಿತ್ತು. ಅವರು ವಿರೋಧಿಸಿದ್ದು ಒತ್ತಾಯದ ಕಲಿಕೆಯನ್ನು, ಜನ ಕೂಡುವುದನ್ನಲ್ಲ.

ಪ್ರಶ್ನೆ ಕೇಳುವವರು:
ವಿಳಾಸಪಟ್ಟಿಗೂ 12 ವಾರಗಳ ವೇಳಾಪಟ್ಟಿಗೂ ಬಹಳ ಅಂತರವಿದೆ. ಆ ಅಂತರವನ್ನೇ ನಾನು ಹೇಳುತ್ತಿರುವುದು.

ಬೆಳೆದ ಮಗಳು:
ನಾನು 7ರಿಂದ 16ನೆಯ ವಯಸ್ಸಿನವರೆಗೆ ಮನೆಯಲ್ಲಿಯೇ ಕಲಿತವಳು. 10ನೆಯ ವಯಸ್ಸಿನಿಂದ ಇಂಥ ಕೂಟವೊಂದರಲ್ಲಿದ್ದೆ. ಮೈದಾನದಲ್ಲಿ ಸಿಕ್ಕವರೊಡನೆ ಆಡುವುದೂ ಪ್ರತಿ ವಾರ ಅದೇ ಮುಖಗಳನ್ನು ಕಾಣುವುದೂ ಒಂದೇ ಅಲ್ಲ. ಮೈದಾನದಲ್ಲಿ ಮನಸ್ತಾಪವಾದರೆ ಮರುದಿನ ಹೋಗದಿದ್ದರಾಯಿತು. ಕೂಟದಲ್ಲಿ ಮಂಗಳವಾರ ಮಾತು ಬಿಟ್ಟವಳ ಪಕ್ಕದಲ್ಲಿಯೇ ಗುರುವಾರ ಕೂತು ಭೂಪಟ ಬಿಡಿಸಬೇಕಿತ್ತು. ಬಣ್ಣದ ಪೆನ್ಸಿಲ್ ಕೇಳಲಾದರೂ ಬಾಯಿ ತೆರೆಯಲೇಬೇಕಿತ್ತು. ಮುನಿಸನ್ನು ಮುಗಿಸುವುದು ಹೇಗೆಂದು ನಾನು ಕಲಿತದ್ದು ಹಾಗೆ. ನಿಮ್ಮ ಮಗಳು ಕೇಳುತ್ತಿರುವುದೂ ಅದನ್ನೇ ಇರಬೇಕು.

ಇನ್ನೊಂದು ಮಾತನ್ನೂ ಹೇಳಲೇಬೇಕು. ನನ್ನ ತಾಯಿ ಆ ಕೂಟವನ್ನು ಕಟ್ಟಿದವರಲ್ಲಿ ಒಬ್ಬರು. ಕೂಟದ ದಿನಗಳಂದು ಅವರು ಎಲ್ಲ ಮಕ್ಕಳಿಗೂ ಸಿಗುತ್ತಿದ್ದರು, ನನಗೊಬ್ಬಳಿಗೆ ಸಿಗುತ್ತಿರಲಿಲ್ಲ. ಮನೆಗೆ ಬಂದ ಮೇಲೆಯೂ ಫೋನಿನಲ್ಲಿ ಕೂಟದ್ದೇ ಮಾತು. ಮಗನು ನಿಮಗೆ ಅಂಟಿಕೊಂಡಿರುವವನಾದರೆ, ಮೊದಲ ಅವಧಿಯಲ್ಲಿ ಕಲಿಸುವ ಹೊಣೆಯನ್ನು ಬಿಟ್ಟು ಬೇರೆ ಯಾವ ಜವಾಬ್ದಾರಿಯನ್ನೂ ಒಪ್ಪಿಕೊಳ್ಳಬೇಡಿ.

ಎರಡನೆಯ ವರ್ಷದ ತಾಯಿ:
ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬರೆದದ್ದಕ್ಕೆ ತುಂಬ ಕೃತಜ್ಞತೆಗಳು.

ಲೆಕ್ಕ ಬರೆಯುವವರು:
ನಮ್ಮ ಕೂಟದ ಹಣದ ಲೆಕ್ಕ ನನ್ನ ಕೈಯಲ್ಲಿದೆ. ವಂತಿಗೆ ಚಿಕ್ಕದೋ ದೊಡ್ಡದೋ ಎಂಬುದು ಮುಖ್ಯವಲ್ಲ. ಅವಧಿಯ ಕೊನೆಯಲ್ಲಿ ಲೆಕ್ಕವನ್ನು ಎಲ್ಲರ ಮುಂದೆ ಓದುತ್ತಾರೆಯೇ, ಉಳಿದ ಕಾಗದ, ಬಣ್ಣ, ಸೂಕ್ಷ್ಮದರ್ಶಕ ಯಾರ ಸ್ವತ್ತು, ಕೂಟ ನಿಂತುಹೋದರೆ ಅವು ಎಲ್ಲಿಗೆ ಹೋಗುತ್ತವೆ ಎಂದು ಕೇಳಿ. ಸೂಕ್ಷ್ಮದರ್ಶಕ ಒಂದೇ ಇರುತ್ತದೆ, ಅದು ಬೇಕೆನ್ನುವ ಮನೆಗಳು ನಾಲ್ಕು ಇರುತ್ತವೆ.

ಮತದ ವಿಷಯವನ್ನೂ ಕೇಳಿ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 28 ಜನ ಸೇರಿ ಸಹಕಾರಿ ಸಂಘವನ್ನು ಕಟ್ಟಿದಾಗ, ಎಷ್ಟು ಪಾಲು ಹಾಕಿದರೂ ಒಬ್ಬ ಸದಸ್ಯನಿಗೆ ಒಂದೇ ಮತ ಎಂದು ನಿಯಮ ಮಾಡಿಕೊಂಡರು. ಮನೆಶಾಲಾ ಕೂಟದಲ್ಲಿ ಸದಸ್ಯರೆಂದರೆ ಯಾರು? ನಮ್ಮಲ್ಲಿ ಮೊದಲು ಪ್ರತಿ ವಯಸ್ಕರಿಗೂ ಮತವಿತ್ತು. ಗಂಡ ಹೆಂಡತಿ ಇಬ್ಬರೂ ಬರುವ ಮನೆಗಳಿಗೆ ಎರಡು ಮತ, ಒಬ್ಬರೇ ಮಕ್ಕಳನ್ನು ಸಾಕುವ ಮನೆಗೆ ಒಂದು. ಸಭೆಯ ವೇಳೆಯನ್ನು ಸಂಜೆಗೆ ಬದಲಾಯಿಸುವ ಪ್ರಶ್ನೆ ಬಂದಾಗ ಅದರ ಅನ್ಯಾಯ ಎದ್ದು ಕಂಡಿತು. ಸಂಜೆ ಬರಲಾಗದ ಆ ಒಂದು ಮನೆ ಸೋತಿತ್ತು. ಆ ಮೇಲೆ ಮನೆಗೊಂದು ಮತ ಎಂದು ತಿದ್ದಿಕೊಂಡೆವು.

ಒಬ್ಬಂಟಿ ಪೋಷಕ:
ಆ ಅನ್ಯಾಯವನ್ನು ಬರೆದದ್ದಕ್ಕೆ ಧನ್ಯವಾದ. ನಾನು ಕೆಲಸಕ್ಕೆ ಹೋಗುತ್ತ ಒಬ್ಬನೇ ಮಗಳನ್ನು ಬೆಳೆಸುತ್ತಿದ್ದೇನೆ. "ಎರಡೂ ದಿನ ಒಬ್ಬರು ಅಲ್ಲಿಯೇ ಇರಬೇಕು" ಎಂಬ ಒಂದು ಸಾಲಿನಿಂದ ನನ್ನಂಥವರೆಲ್ಲ ಬಾಗಿಲ ಹೊರಗೆ ಉಳಿಯುತ್ತಾರೆ. ಎಲ್ಲರಿಗೂ ಒಂದೇ ಬಗೆಯ ದುಡಿಮೆ ಏಕೆ? ಒಂದು ಗಂಟೆಯ ಕೆಲಸಕ್ಕೆ ಒಂದು ಚೀಟಿ ಎಂದು ಇಟ್ಟರೆ, ನಾನು ರಾತ್ರಿ ಕೂತು ಪಾಠದ ಸಾಮಗ್ರಿ ಸಿದ್ಧಮಾಡಿ ಚೀಟಿ ಗಳಿಸಿ, ಹಗಲಿನಲ್ಲಿ ಅದನ್ನು ಖರ್ಚುಮಾಡಬಹುದಲ್ಲವೇ?

ಗಣಿತ ಕಲಿಸುವ ಅಪ್ಪ:
ಚೀಟಿಯ ಪದ್ಧತಿ ಕೇಳಲು ನ್ಯಾಯವಾಗಿದೆ, ನಡೆಸಲು ಕಷ್ಟ. ವಾಷಿಂಗ್ಟನ್‌ನ ಕ್ಯಾಪಿಟಲ್ ಹಿಲ್‌ನಲ್ಲಿ ಸುಮಾರು 150 ದಂಪತಿಗಳು ಒಬ್ಬರ ಮಕ್ಕಳನ್ನು ಇನ್ನೊಬ್ಬರು ನೋಡಿಕೊಳ್ಳಲು ಒಂದು ಕೂಟ ಮಾಡಿಕೊಂಡಿದ್ದರು. ಅರ್ಧ ಗಂಟೆಗೆ ಒಂದು ಚೀಟಿ. ಮುಂದೆ ಬೇಕಾದೀತೆಂದು ಎಲ್ಲರೂ ಚೀಟಿಗಳನ್ನು ಕೂಡಿಡತೊಡಗಿದರು. ಯಾರೂ ಖರ್ಚುಮಾಡದಿದ್ದಾಗ ಯಾರಿಗೂ ಗಳಿಸುವ ಅವಕಾಶವಿಲ್ಲ. ನೆರವಾಗಲು ಎಲ್ಲರೂ ಸಿದ್ಧರಿದ್ದರೂ ಕೂಟ ಸ್ತಬ್ಧವಾಯಿತು. ಹೆಚ್ಚು ಚೀಟಿಗಳನ್ನು ಹಂಚಿದ ಮೇಲೆ ಚೇತರಿಸಿಕೊಂಡಿತು, ಆ ಮೇಲೆ ಚೀಟಿ ಅತಿಯಾಗಿ ಬೇರೆ ತೊಂದರೆಗೆ ಸಿಕ್ಕಿತು. ಸದಸ್ಯರಾಗಿದ್ದ ಜೋನ್ ಮತ್ತು ರಿಚರ್ಡ್ ಸ್ವೀನಿ 1977ರಲ್ಲಿ ಇದನ್ನು ಅರ್ಥಶಾಸ್ತ್ರದ ಲೇಖನವಾಗಿಯೇ ಬರೆದರು. 150 ಮನೆಗಳಿಗೇ ಹಾಗಾದರೆ 11 ಮನೆಗಳಲ್ಲಿ ಇಬ್ಬರು ಚೀಟಿ ಕೂಡಿಟ್ಟರೂ ಸಾಕು.

ಒಬ್ಬಂಟಿ ಪೋಷಕ:
ಹಾಗಾದರೆ ನನ್ನಂಥವನಿಗೆ ನಿಮ್ಮ ಉತ್ತರವೇನು? ಲೇಖನವನ್ನು ಓದಿ ಮನೆಯಲ್ಲಿರುವುದೇ?

ಗಣಿತ ಕಲಿಸುವ ಅಪ್ಪ:
ಅಲ್ಲ. ನಾನು ಬರೆದ ರೀತಿ ಹಾಗೆ ಕೇಳಿಸಿದ್ದರೆ ಕ್ಷಮಿಸಿ. ನಮ್ಮಲ್ಲಿ ಚೀಟಿಯ ಬದಲು ಕೆಲಸಗಳ ಪಟ್ಟಿಯಿದೆ. ಅವಧಿಯ ಆರಂಭದಲ್ಲಿ ಕಲಿಸುವುದು, ಸಹಾಯ, ಸ್ವಚ್ಛತೆ, ಲೆಕ್ಕ, ಪತ್ರವ್ಯವಹಾರ, ಸಾಮಗ್ರಿ ತರುವುದು ಎಲ್ಲವನ್ನೂ ಬರೆದು ಹಂಚಿಕೊಳ್ಳುತ್ತೇವೆ. ಹಗಲು ಬರಲಾಗದ ಇಬ್ಬರು ಪತ್ರವ್ಯವಹಾರವನ್ನೂ ಸಾಮಗ್ರಿಯನ್ನೂ ಪೂರ್ತಿಯಾಗಿ ಹೊತ್ತಿದ್ದಾರೆ. ಅವರ ಮಕ್ಕಳಿಗೆ ಆ ದಿನ ಹೊಣೆಗಾರರು ಯಾರೆಂದು ಹೆಸರಿಸಿ ಬರೆದಿರುತ್ತದೆ. ಎರಡು ಮನೆಗಳವರೆಗೆ ಇದು ನಡೆಯುತ್ತದೆ. ಐದು ಮನೆಗಳಾದರೆ ಹಗಲಿನಲ್ಲಿ ಕೈಗಳೇ ಸಾಲುವುದಿಲ್ಲ.

ಹೊರಬಂದವರು:
ಬರುತ್ತೇನೆಂದು ಬಾರದವರಿಗೆ ದಂಡ ಹಾಕುವ ಕೂಟಗಳಿವೆ. ಅದಾದರೂ ಇದ್ದರೆ ಒಬ್ಬರ ಮೇಲೆಯೇ ಭಾರ ಬೀಳುವುದು ತಪ್ಪುತ್ತದೆ ಎಂದು ನನಗನ್ನಿಸುತ್ತದೆ.

ಲೆಕ್ಕ ಬರೆಯುವವರು:
ದಂಡ ಬೇಡ. ಇಸ್ರೇಲಿನ ಹೈಫಾದ 10 ಶಿಶುಪಾಲನಾ ಕೇಂದ್ರಗಳ ಅಧ್ಯಯನವೊಂದು 2000ನೆಯ ಇಸವಿಯಲ್ಲಿ ಪ್ರಕಟವಾಯಿತು. ಊರಿ ನೀಜಿ ಮತ್ತು ಆಲ್ಡೊ ರುಸ್ಟಿಕೀನಿ ಅವರದು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ 6 ಕೇಂದ್ರಗಳಲ್ಲಿ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ಮೊದಲು ಕಾಯುವ ಶಿಕ್ಷಕಿಯ ಮುಖ ನೆನೆದು ಓಡಿಬರುತ್ತಿದ್ದವರು, ಈಗ ಹಣ ಕೊಟ್ಟಾಯಿತಲ್ಲ ಎಂದುಕೊಂಡರು. ದಂಡವನ್ನು ತೆಗೆದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ. ಕೂಟದ ಬಂಡವಾಳವೇ ಆ ಸಂಕೋಚ; ಅದನ್ನು ಹಣಕ್ಕೆ ಮಾರಬಾರದು.

ಕಾನೂನು ಓದಿದವರು:
ಎಲ್ಲರೂ ಒಳಗಿನ ನಿಯಮಗಳನ್ನು ಚರ್ಚಿಸುತ್ತಿದ್ದೀರಿ, ಹೊರಗಿನ ನಿಯಮವನ್ನೂ ನೋಡಿ. ಯಾವ ಹಂತದಲ್ಲಿ ಕೂಟವು ಕಾನೂನಿನ ಕಣ್ಣಿಗೆ ಶಾಲೆಯಾಗುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಕಡ್ಡಾಯ ಶಿಕ್ಷಣದ ವಯಸ್ಸಿನ 5 ಅಥವಾ ಹೆಚ್ಚು ಮಕ್ಕಳಿಗೆ ಪೂರ್ಣಾವಧಿ ಶಿಕ್ಷಣ ಕೊಡುವ ಜಾಗವನ್ನು ಸ್ವತಂತ್ರ ಶಾಲೆಯೆಂದು ನೋಂದಾಯಿಸಲೇಬೇಕು, ಮಾಡದಿದ್ದರೆ ಅಪರಾಧ. ಅಲ್ಲಿನ ಕೂಟಗಳು ವಾರಕ್ಕೆ ಎಷ್ಟು ಹೊತ್ತು ಸೇರಬೇಕೆಂಬುದನ್ನು ಎಚ್ಚರದಿಂದ ನಿರ್ಧರಿಸಬೇಕಾಗುತ್ತದೆ. ಜರ್ಮನಿಯಲ್ಲಿ ಮನೆಶಾಲೆಗೇ ಅವಕಾಶವಿಲ್ಲ. ಅದನ್ನು ಪ್ರಶ್ನಿಸಿದ ಕುಟುಂಬದ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ಒಪ್ಪಲಿಲ್ಲ. ಫ್ರಾನ್ಸಿನಲ್ಲಿ ಮೊದಲು ತಿಳಿಸಿದರೆ ಸಾಕಿತ್ತು, 2022ರ ಶಾಲಾ ವರ್ಷದಿಂದ ಅನುಮತಿಯೇ ಬೇಕು. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ, ಆದರೆ ಸೇರಿಸದ ಪೋಷಕರಿಗೆ ದಂಡನೆಯನ್ನು ಹೇಳುವುದಿಲ್ಲ. ಮನೆಯಲ್ಲಿ ಕಲಿತವರಲ್ಲಿ ಅನೇಕರು 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯುತ್ತಾರೆ.

ಪೋಷಕರು ಅಲ್ಲಿಯೇ ಇರಬೇಕೆಂಬ ನಿಯಮಕ್ಕೂ ಇದಕ್ಕೂ ನಂಟಿದೆ. ಪೋಷಕರು ಎದುರಿಗೇ ಇರುವವರೆಗೆ ಮಕ್ಕಳ ಹೊಣೆ ಅವರವರದೇ. ಬಿಟ್ಟುಹೋದ ಗಳಿಗೆಯಿಂದ ಆ ಹೊಣೆ ಇನ್ನೊಬ್ಬರ ಹೆಗಲಿಗೆ ಬರುತ್ತದೆ. ಬಿದ್ದು ಪೆಟ್ಟಾದರೆ ಉತ್ತರ ಹೇಳಬೇಕಾದವರೂ ಅವರೇ. ಜಾಗಕ್ಕೆ ವಿಮೆ ಇದೆಯೇ ಎಂದು ಕೇಳಿ.

ಹಳೆಯ ಸದಸ್ಯೆ:
ಸುರಕ್ಷತೆಯ ಮಾತು ಬಂತಲ್ಲ, ಅದನ್ನು ಪೂರ್ತಿಮಾಡುತ್ತೇನೆ. ಯಾವ ವಯಸ್ಕರೂ ಇನ್ನೊಬ್ಬರ ಮಗುವಿನೊಡನೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರಬಾರದು. ಪ್ರತಿ ಕೋಣೆಯಲ್ಲಿ ಇಬ್ಬರು ದೊಡ್ಡವರು ಇರಬೇಕು. ಅಲರ್ಜಿಗಳ ಪಟ್ಟಿ ಗೋಡೆಯ ಮೇಲಿರಬೇಕು. ಯಾವ ಮಗುವನ್ನು ಯಾರು ಕರೆದೊಯ್ಯಬಹುದು ಎಂದು ಬರೆದಿಟ್ಟಿರಬೇಕು. "ನಾವೆಲ್ಲ ಪರಿಚಿತರೇ ಅಲ್ಲವೇ" ಎಂಬ ಮಾತು ಇಲ್ಲಿ ಸಲ್ಲದು, ಏಕೆಂದರೆ ಮಕ್ಕಳಿಗೆ ತೊಂದರೆ ಕೊಡುವವರು ಹೆಚ್ಚಾಗಿ ಪರಿಚಿತರೇ ಆಗಿರುತ್ತಾರೆ. ನಿಯಮವನ್ನು ಎಲ್ಲರಿಗೂ ಸಮವಾಗಿ ಅನ್ವಯಿಸಿದರೆ ಯಾರ ಮೇಲೂ ಸಂಶಯಪಟ್ಟಂತಾಗುವುದಿಲ್ಲ.

ಪ್ರಶ್ನೆ ಕೇಳುವವರು:
ಈ ಒಂದು ವಿಷಯದಲ್ಲಿ ನನ್ನ ತಕರಾರಿಲ್ಲ.

ನಿಧಾನವಾಗಿ ಓದುವ ಮಗನ ತಾಯಿ:
ನನ್ನ ಮಗನಿಗೆ 12 ವರ್ಷ. ಯಂತ್ರಗಳ ಬಗ್ಗೆ ದೊಡ್ಡವರಂತೆ ಮಾತನಾಡುತ್ತಾನೆ, ಓದುವುದು 7 ವರ್ಷದವರಂತೆ. ಮೂರು ಕೂಟಗಳು ನಮಗೆ "ಎಲ್ಲರಿಗೂ ಸ್ವಾಗತ" ಎಂದಿದ್ದವು. ಮೊದಲನೆಯದರಲ್ಲಿ ಅವನನ್ನು ವಯಸ್ಸಿಗೆ ತಕ್ಕ ಗುಂಪಿನಲ್ಲಿ ಕೂರಿಸಿ ಗಟ್ಟಿಯಾಗಿ ಓದಲು ಹೇಳಿದರು. ಎರಡನೆಯದರಲ್ಲಿ ಓದಿಗೆ ತಕ್ಕಂತೆ ಚಿಕ್ಕ ಮಕ್ಕಳ ಜೊತೆ ಕೂರಿಸಿದರು. ಎರಡೂ ದಿನ ಅವನು ಮನೆಗೆ ಬಂದು ಮಾತನಾಡಲಿಲ್ಲ. ಮೂರನೆಯ ಕೂಟದಲ್ಲಿ ಗುಂಪುಗಳು ವಿಷಯಕ್ಕೆ ತಕ್ಕಂತೆ ಬದಲಾಗುತ್ತವೆ: ಯಂತ್ರಗಳ ಪಾಠಕ್ಕೆ ಹಿರಿಯರ ಜೊತೆ, ಓದು ಮಾತ್ರ ಮನೆಯಲ್ಲಿ, ನನ್ನೊಡನೆ. ಈಗ ಎರಡು ವರ್ಷವಾಯಿತು.

ಆದ್ದರಿಂದ ಸ್ವಾಗತವಿದೆಯೇ ಎಂದು ಕೇಳಬೇಡಿ, ಸ್ವಾಗತಿಸಿದ ಮೇಲೆ ಮಗುವನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳಿ.

ಮರಗೆಲಸದ ಅಜ್ಜ:
ಮೊಮ್ಮಕ್ಕಳ ಕೂಟದಲ್ಲಿ ನಾನು ಮರಗೆಲಸ ಕಲಿಸುತ್ತೇನೆ, ನಾನೂ ಶಿಕ್ಷಕನಲ್ಲ. ಪಾಠ ಮಾಡಲು ಬರುವುದಿಲ್ಲವೆಂಬ ತಾಯಿಯ ಅಂಜಿಕೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲವೆಂದು ಬರೆಯುತ್ತಿದ್ದೇನೆ. ನಿಮ್ಮ ಕೈಗೆ ಏನು ಬರುತ್ತದೆಯೋ ಅದನ್ನು ಕಲಿಸಿ. ಪುಸ್ತಕದಿಂದ ಹಿಂದಿನ ರಾತ್ರಿ ಓದಿಕೊಂಡದ್ದನ್ನು ಕಲಿಸಬೇಡಿ, ಮಕ್ಕಳು ಎರಡು ಪ್ರಶ್ನೆಯಲ್ಲಿ ಅದರ ತಳ ಕಾಣುತ್ತಾರೆ. ಚಿಕ್ಕವರಿಗೆ ಪಾಠ ಚಿಕ್ಕದಿರಲಿ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲಟ್ ಮೇಸನ್ ನೂರು ವರ್ಷಕ್ಕೂ ಹಿಂದೆಯೇ 8 ವರ್ಷದೊಳಗಿನವರಿಗೆ 20 ನಿಮಿಷ ಮೀರಬಾರದೆಂದಿದ್ದರು. ನನ್ನ ಅನುಭವವೂ ಅದೇ. ನ್ಯೂಜಿಲೆಂಡಿನಲ್ಲಿ 1941ರಿಂದ ಪುಟ್ಟ ಮಕ್ಕಳ ಪ್ಲೇಸೆಂಟರ್‌ಗಳನ್ನು ಪೋಷಕರೇ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ಪೋಷಕರು ಮೊದಲೇ ಶಿಕ್ಷಕರಾಗಿ ಬರುವುದಿಲ್ಲ, ಸೇರಿದ ಮೇಲೆ ತರಬೇತಿ ಪಡೆಯುತ್ತಾರೆ. ನೀವು ಸೇರಲಿರುವ ಕೂಟದಲ್ಲಿ ಹೊಸಬರನ್ನು ಮೊದಲ ಅವಧಿಗೆ ಅನುಭವಿಗಳ ಪಕ್ಕದಲ್ಲಿ ನಿಲ್ಲಿಸುತ್ತಾರೆಯೇ ಎಂದು ಕೇಳಿ.

ಎರಡನೆಯ ವರ್ಷದ ತಾಯಿ:
ನಿನ್ನೆ ಹೋಗಿಬಂದೆವು, ಕೊನೆಯ ಅರ್ಧ ಗಂಟೆಯವರೆಗೂ ಇದ್ದೆವು. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಒಬ್ಬ ತಂದೆ ಉದ್ದನೆಯ ಹಲಗೆಯನ್ನು ಇಟ್ಟಿಗೆಯ ಮೇಲಿಟ್ಟು ಸನ್ನೆಗೋಲಿನ (ಲಿವರ್) ಪಾಠ ಮಾಡುತ್ತಿದ್ದರು. ಅವರೇ ಹಲಗೆಯ ಒಂದು ತುದಿಯಲ್ಲಿ ನಿಂತು, ಇಟ್ಟಿಗೆಯನ್ನು ಎಲ್ಲಿಗೆ ಸರಿಸಿದರೆ ತಮ್ಮನ್ನು ಎತ್ತಬಹುದೆಂದು ಕೇಳಿದರು. 6 ವರ್ಷದವರು ಹಲಗೆಯ ಮೇಲೆ ಕುಣಿದರು, 12 ವರ್ಷದವರು ಅಳತೆ ಬರೆದುಕೊಂಡರು, ನನ್ನ ಮಗಳು ಇಟ್ಟಿಗೆಯನ್ನು ಅವರ ಕಾಲ ಬಳಿಗೆ ತಳ್ಳಿದಳು. ಅವರು ಮೇಲೆದ್ದಾಗ ಇಡೀ ಕೋಣೆ ಕೂಗಿತು. ಮಗ ಮೊದಲ 40 ನಿಮಿಷ ಮೇಜಿನ ಕೆಳಗೆ ಕೂತಿದ್ದ. ಯಾರೂ ಅವನನ್ನು ಎಳೆಯಲಿಲ್ಲ, ಪುಸಲಾಯಿಸಲೂ ಇಲ್ಲ. 11 ವರ್ಷದ ಹುಡುಗಿಯೊಬ್ಬಳು ಮರದ ತುಂಡುಗಳ ಪೆಟ್ಟಿಗೆಯನ್ನು ಮೇಜಿನ ಕೆಳಗೆ ಸರಿಸಿ ತನ್ನ ಪಾಡಿಗೆ ಹೋದಳು. ಅವನು ಅದರಲ್ಲಿ ಗೋಪುರ ಕಟ್ಟಿದ. ಗೋಪುರ ಮೇಜಿಗಿಂತ ಎತ್ತರವಾಗಬೇಕಾದಾಗ ಹೊರಗೆ ಬಂದ.

ಕೊನೆಗೆ ನಾಲ್ವರು ತೊಳೆದು ಗುಡಿಸಿದರು, ಮೂವರು ಬಾಗಿಲ ಬಳಿ ನಿಂತಿದ್ದರು. ಬಿಟ್ಟುಹೋಗುವ ನಿಯಮ, ಮನಸ್ತಾಪದ ನಿಯಮ ಎರಡನ್ನೂ ಕೇಳಿದೆ. ಕೂಟವನ್ನು ಕಟ್ಟಿದ ತಾಯಿಗೆ ನೋವಾದದ್ದು ಮುಖದಲ್ಲಿ ಕಂಡಿತು. "ನಾವು ಐದು ವರ್ಷ ನಂಬಿಕೆಯ ಮೇಲೆಯೇ ನಡೆಸಿದ್ದೇವೆ, ನೀವು ಸೇರುವ ಮುನ್ನವೇ ಹೋಗುವ ಮಾತನಾಡುತ್ತಿದ್ದೀರಿ" ಎಂದರು. ನಾನು ತಪ್ಪು ಮಾಡಿದೆನೇ?

ಹೊರಬಂದವರು:
ಇಲ್ಲ. ನಂಬಿಕೆ ಇದ್ದಾಗಲೇ ಬರೆದುಕೊಳ್ಳಬೇಕು. ಅದು ಮುರಿದ ಮೇಲೆ ಬರೆಯಲು ಯಾರೂ ಒಂದೇ ಮೇಜಿಗೆ ಬರುವುದಿಲ್ಲ.

ಪ್ರಶ್ನೆ ಕೇಳುವವರು:
ಆ ತಾಯಿಯ ಮಾತಿನಲ್ಲಿಯೂ ಸತ್ಯವಿದೆ. ಪ್ರತಿಯೊಂದನ್ನೂ ಕಾಗದಕ್ಕೆ ಇಳಿಸಿದರೆ ಜನ ಕಾಗದದಲ್ಲಿರುವಷ್ಟನ್ನೇ ಮಾಡುತ್ತಾರೆ. ದಂಡದ ವಿಷಯದಲ್ಲಿ ಲೆಕ್ಕ ಬರೆಯುವವರು ಹೇಳಿದ್ದೂ ಅದನ್ನೇ. ಆದರೂ ಮೇಜಿನ ಕೆಳಗಿನ ಪೆಟ್ಟಿಗೆಯ ವಿಷಯ ಓದಿದ ಮೇಲೆ, ಸೇರಬೇಡಿ ಎಂದು ಹೇಳಲು ನನಗೆ ಮನಸ್ಸಾಗುತ್ತಿಲ್ಲ. ಆ ಹುಡುಗಿಗೆ ಅದನ್ನು ಯಾವ ನಿಯಮವೂ ಕಲಿಸಿರಲಾರದು.

ಹಳೆಯ ಸದಸ್ಯೆ:
ಐದು ವರ್ಷ ನಡೆಸಿದವರು ದಣಿದಿರುತ್ತಾರೆ, ಹೊಸಬರ ಪ್ರಶ್ನೆ ಅವರಿಗೆ ದೂರಿನಂತೆ ಕೇಳಿಸುತ್ತದೆ. ಬಿಟ್ಟುಹೋಗುವ ನಿಯಮ ನಿಮ್ಮ ರಕ್ಷಣೆಗೆಂದು ಹೇಳಬೇಡಿ, ಅವರ ರಕ್ಷಣೆಗೆಂದು ಹೇಳಿ, ನಿಜವೂ ಅದೇ. ಯಾರಾದರೂ ಅವಧಿಯ ನಡುವೆ ಮಾಯವಾದರೆ ಆ ಪಾಠವನ್ನು ತುಂಬಬೇಕಾದವರು ಅವರೇ ಅಲ್ಲವೇ? ಮತ್ತೆ, ಮುಂದಿನ ಸಲ ಹೋದಾಗ ಮೊದಲು ಪೊರಕೆ ಹಿಡಿಯಿರಿ, ಆ ಮೇಲೆ ಮಾತನಾಡಿ.

ಬೆಳೆದ ಮಗಳು:
ನನ್ನ ತಾಯಿಗೆ ಆಗ ಯಾರಾದರೂ ಹೀಗೆ ಹೇಳಿದ್ದರೆ ಅತ್ತುಬಿಡುತ್ತಿದ್ದರು, ಸಂತೋಷದಿಂದ.

ಎರಡನೆಯ ವರ್ಷದ ತಾಯಿ:
ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಪೊರಕೆ ಹಿಡಿದೆ. ಅವರೊಡನೆ ಒಂದು ಸಂಜೆ ಕೂತು ಮಾತನಾಡಿದೆ. ಒಪ್ಪಂದ ಪತ್ರಕ್ಕೆ ಮೂರು ಸಾಲುಗಳು ಸೇರಿವೆ: ಬಿಡುವವರು ನಾಲ್ಕು ವಾರ ಮೊದಲು ತಿಳಿಸಿ, ತಮ್ಮ ಪಾಠವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗಬೇಕು; ಮಗುವನ್ನು ತಿದ್ದಬೇಕಾದರೆ ಮೊದಲು ಅದರ ಪೋಷಕರನ್ನು ಕರೆಯಬೇಕು; ಮನಸ್ತಾಪವನ್ನು ಅದಕ್ಕೆ ಸಂಬಂಧಪಡದ ಇಬ್ಬರು ಸದಸ್ಯರ ಮುಂದೆ ಕೂತು ಮಾತನಾಡಬೇಕು. ಒಂದು ವರ್ಷದ ಸಾಲು ಹಾಗೆಯೇ ಉಳಿಯಿತು, ಆದರೆ ಅದು ಆರು ವಾರಗಳ ಪ್ರಯೋಗಾವಧಿಯ ನಂತರ ಆರಂಭವಾಗುತ್ತದೆ. ಸ್ವಚ್ಛತೆಗೆ ಸರದಿಯ ಪಟ್ಟಿ ಗೋಡೆಗೆ ಬಂದಿದೆ. ಬಾಗಿಲ ಬಳಿ ನಿಲ್ಲುತ್ತಿದ್ದವರಲ್ಲಿ ಒಬ್ಬರಿಗೆ ಅದರಿಂದ ಬೇಸರವಾಗಿದೆ, ಅದು ಹೇಗೆ ಮುಗಿಯುತ್ತದೋ ತಿಳಿಯದು. ಒಬ್ಬಂಟಿ ಪೋಷಕರ ಪ್ರಶ್ನೆಯನ್ನೂ ಕೇಳಿದೆ. ಮುಂದಿನ ಅವಧಿಗೆ ಒಂದು ಮನೆಯನ್ನು ಹಾಗೆ ಸೇರಿಸಿಕೊಳ್ಳಬಹುದೇ ಎಂದು ಸಭೆಯಲ್ಲಿ ಇಡುತ್ತಾರಂತೆ.

ಮಗಳು ಎರಡನೆಯ ದಿನವೇ ಒಬ್ಬಳೊಡನೆ ಮಾತು ಬಿಟ್ಟು ಬಂದಿದ್ದಾಳೆ. ಗುರುವಾರಕ್ಕೆ ಕಾಯುತ್ತಿದ್ದೇನೆ.

ನನಗೆ ಪುಸ್ತಕ ಹೊಲಿಯಲು ಬರುತ್ತದೆ. ಅದನ್ನೇ ಕಲಿಸುತ್ತೇನೆಂದು ಒಪ್ಪಿಕೊಂಡಿದ್ದೇನೆ. ಹಾಳೆಗಳನ್ನು ಮಡಿಚಿ, ಮಡಿಕೆಯಲ್ಲಿ ರಂಧ್ರ ಮಾಡಿ, ದಾರದಿಂದ ಹೊಲಿದು ಟಿಪ್ಪಣಿ ಪುಸ್ತಕ ಮಾಡುವುದು. ನನ್ನ ಗುಂಪಿನಲ್ಲಿ 6ರಿಂದ 10 ವರ್ಷದ 8 ಮಕ್ಕಳಿದ್ದಾರೆ. ಅಜ್ಜನವರೇ, ಇಷ್ಟು ಚಿಕ್ಕವರ ಕೈಗೆ ದಬ್ಬಳ ಕೊಡಬಹುದೇ?

ಮರಗೆಲಸದ ಅಜ್ಜ:
8 ತುಂಬಿದವರಿಗೆ ಕೊಡಿ, ಆದರೆ ಒಂದು ಸಲಕ್ಕೆ ಇಬ್ಬರಿಗೆ ಮಾತ್ರ, ನಿಮ್ಮ ಸಹಾಯಕರು ಅವರ ಎದುರಿಗೇ ಕೂತಿರಲಿ. ಹಾಳೆಯ ಕೆಳಗೆ ದಪ್ಪ ರಟ್ಟು ಇಡಿಸಿ, ಹಾಳೆಯನ್ನು ಹಿಡಿದ ಕೈ ಮೊನೆಯ ದಾರಿಯಲ್ಲಿ ಇರದಂತೆ ನೋಡಿಕೊಳ್ಳಿ. 6, 7 ವರ್ಷದವರಿಗೆ ರಂಧ್ರಗಳನ್ನು ಹಿಂದಿನ ದಿನವೇ ನೀವು ಮಾಡಿಟ್ಟು, ಮೊನೆ ಮೊಂಡಾದ ದಪ್ಪ ಸೂಜಿ ಕೊಡಿ. ಮೂರು ರಂಧ್ರ ಸಾಕು, ಐದು ಬೇಡ. ದಾರಕ್ಕೆ ಸ್ವಲ್ಪ ಮೇಣ ಉಜ್ಜಿಟ್ಟರೆ ಸಿಕ್ಕಾಗುವುದಿಲ್ಲ.